ಟೋಸ್ಟಿನಲ್ಲಿ ತೇಲುವ ಹಡಗು

ನೈರೋಬಿಯ ಮಂಗಳೂರು ಕ್ರೈಸ್ತರ ಮದುವೆಗಳಲ್ಲಿ ಊಟ ತಡವಾದರೆ ಅಡುಗೆಯವರನ್ನು ಬೈಯಬಾರದು, ಇನೋಸೆಂಟ್ ಪಿಂಟೊ ಅವರನ್ನು ಬೈಯಬೇಕು. ಕೇಕು ಕತ್ತರಿಸಿದ ಮೇಲೆ, ಊಟಕ್ಕೆ ಮೊದಲು, ಹಿರಿಯರೊಬ್ಬರು ವೈನಿನ ಗ್ಲಾಸು ಹಿಡಿದು ಎದ್ದು ಮದುಮಕ್ಕಳ ಬಗ್ಗೆ ನಾಲ್ಕು ಒಳ್ಳೆಯ ಮಾತಾಡುತ್ತಾರೆ. ಸಭೆಯೆಲ್ಲ ಗ್ಲಾಸು ಎತ್ತಿ ಹಾರೈಸುತ್ತದೆ. ಅದು ಟೋಸ್ಟ್. ಟೋಸ್ಟ್ ಮುಗಿಯುವವರೆಗೆ ಯಾರಿಗೂ ತಟ್ಟೆ ಸಿಗುವುದಿಲ್ಲ. ಇಷ್ಟು ದೊಡ್ಡ ಅಧಿಕಾರವನ್ನು ಒಬ್ಬ ಗಂಡಸಿನ ಕೈಗೆ ಕೊಡಬಾರದು ಎಂದು ಅವರ ಹೆಂಡತಿ ಹೆಲನ್ ಮದುವೆಯಾದಂದಿನಿಂದ ಹೇಳುತ್ತಲೇ ಬಂದಿದ್ದಳು. ಯಾರೂ ಕೇಳಲಿಲ್ಲ. ಪಿಂಟೊ ಅವರಿಗೆ ಎತ್ತರವಿತ್ತು, ಗಂಟಲಿತ್ತು, ಕಪ್ಪು ಸೂಟಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವರ ಬಳಿ ಒಂದು ಹಡಗಿತ್ತು.

ಹಡಗಿನ ಹೆಸರು ಸೆರಾಫಿನಾ. ಇಪ್ಪತ್ತನೇ ಶತಮಾನ ಹುಟ್ಟುವ ಹೊತ್ತಿಗೆ ಲಿವರ್‌ಪೂಲಿನಲ್ಲಿ ಕಟ್ಟಿದ್ದು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರಿಲ್ಲದೆ ತನ್ನ ಹಡಗುಗಳು ಬಂದರಿನಲ್ಲಿ ಸುಮ್ಮನೆ ನಿಂತಿರುವುದನ್ನು ನೋಡಿ ಹೊಟ್ಟೆ ಉರಿದುಕೊಂಡ ಮಾಲೀಕನೊಬ್ಬ, ಎಲ್ಲಿಗೂ ಹೋಗುವ ಅಗತ್ಯವಿಲ್ಲದ ಜನರಿಗಾಗಿಯೇ ಒಂದು ಹಡಗು ಕಟ್ಟಿಸಿದ. ಅದರಲ್ಲಿ ಸರಕಿಲ್ಲ, ಟಪಾಲಿಲ್ಲ, ಕೆಳದರ್ಜೆಯೆಂಬುದೇ ಇಲ್ಲ. ಬಿಸಿಲಿರುವ ಸಮುದ್ರಗಳಲ್ಲಿ ಸುತ್ತು ಹೊಡೆದು, ತಿಂದು, ಕುಣಿದು, ಹೊರಟಲ್ಲಿಗೇ ವಾಪಸು ಬರುವುದು. ನಾಟ್ಯದ ಹಾಲ್, ಪುಸ್ತಕದ ಕೋಣೆ, ವ್ಯಾಯಾಮದ ಕೋಣೆ, ತೆಗೆದ ಫೋಟೋಗಳನ್ನು ಅಲ್ಲೇ ತೊಳೆದುಕೊಳ್ಳಲು ಒಂದು ಕತ್ತಲಕೋಣೆ. ತನ್ನ ಸ್ವಂತ ದೋಣಿಗಿಂತ ಇದು ಉದ್ದವಾಯಿತೆಂದು ಡ್ಯೂಕನೊಬ್ಬ ಮುನಿಸಿಕೊಂಡಿದ್ದನಂತೆ. ದೊಡ್ಡವರ ದುಃಖಗಳು ದೊಡ್ಡವು.

ಈ ಹಡಗಿನಲ್ಲಿ ಪಿಂಟೊ ಅವರ ಅಜ್ಜ ಪಾಸ್ಕಲರು ಎರಡು ವರ್ಷ ಬೆಳ್ಳಿಯ ಚಮಚ ತೊಳೆದಿದ್ದರು. ಇದು ನಿಜ. ಆದರೆ ಸತ್ತವರಿಗೂ ಬಡ್ತಿ ಸಿಗುತ್ತದೆ ಎಂಬುದು ಹೆಲನ್‌ಗೆ ಗಂಡನ ಟೋಸ್ಟುಗಳಿಂದ ತಿಳಿಯಿತು. ಅವಳ ಮದುವೆಯ ಹೊಸತರಲ್ಲಿ ಅಜ್ಜ ಚಮಚದವರಾಗಿದ್ದರು. ಮಗಳು ಸಿಲ್ವಿಯಾ ಹುಟ್ಟುವಾಗ ಬಡಿಸುವವರಾದರು. ಕೀನ್ಯಾದಲ್ಲಿ ಅಧ್ಯಕ್ಷರು ಬದಲಾಗುವ ಹೊತ್ತಿಗೆ ಮುಖ್ಯ ಬಟ್ಲರ್ ಆಗಿದ್ದರು. ಈಗ, ಎಂಬತ್ತೆಂಟನೇ ಇಸವಿಯಲ್ಲಿ, ಪಾಸ್ಕಲರನ್ನು ಕೇಳದೆ ಕ್ಯಾಪ್ಟನ್ ಚುಕ್ಕಾಣಿ ತಿರುಗಿಸುತ್ತಿರಲಿಲ್ಲ. ಅಂದಹಾಗೆ ಪಿಂಟೊ ಅವರ ಸ್ವಂತ ಸಮುದ್ರಯಾನ ಒಂದೇ: ಮಂಗಳೂರಿನಿಂದ ಬಂದ ಮೂರು ವರ್ಷದ ಮಗುವಾಗಿ, ಮುಂಬಯಿಯಿಂದ ಮೊಂಬಾಸಾದವರೆಗೆ, ಕೆಳದರ್ಜೆಯಲ್ಲಿ, ಅಮ್ಮನ ಮಡಿಲಲ್ಲಿ ವಾಂತಿ ಮಾಡುತ್ತ. ಮುಂದಿನ ಜೀವನವನ್ನೆಲ್ಲ ಅವರು ವಿಮಾ ಕಚೇರಿಯೊಂದರ ಮೋಟಾರು ವಿಭಾಗದಲ್ಲಿ, ಗುದ್ದಿದ ಮಟಾಟು ವ್ಯಾನುಗಳ ನಡುವೆ ಕಳೆದರು.

ಟೋಸ್ಟು ಯಾರದ್ದೇ ಆಗಲಿ, ಹಡಗು ಬರುತ್ತಿತ್ತು. 'ಸಂಸಾರವೂ ಒಂದು ಯಾನ' ಎಂದು ಅವರು ಬಾಯಿ ತೆರೆದರೆ ಸಾಕು, ಅನುಭವಸ್ಥರು ಮಕ್ಕಳಿಗೆ ಬಿಸ್ಕತ್ತು ಕೊಡಲು ಶುರುಮಾಡುತ್ತಿದ್ದರು. ಹಡಗು ನೀರಿಗಿಳಿಯುವುದು, ದೀಪಗಳು ಹತ್ತುವುದು, ಬ್ಯಾಂಡು ನುಡಿಸುವುದು, ಪಾಸ್ಕಲರು ತಟ್ಟೆ ಹಿಡಿದು ಮೆಟ್ಟಿಲಿಳಿಯುವುದು. ಅಷ್ಟಾದ ಮೇಲೆ ಸಂಜೆಯ ಬಿಸಿಲಿನಲ್ಲಿ ಸೆರಾಫಿನಾ ಹೊಳೆಯುತ್ತ ಸಾಗುತ್ತಿರುವಾಗಲೇ ಗ್ಲಾಸು ಎತ್ತಿ ಟೋಸ್ಟ್ ಮುಗಿಸುತ್ತಿದ್ದರು.

ಅಲ್ಲಿಗೇ ನಿಲ್ಲಿಸುವುದಕ್ಕೆ ಕಾರಣವಿತ್ತು. ಆ ಕಾರಣ ಹೆಲನ್. ಸೆರಾಫಿನಾ ತೇಲಿದ್ದು ಬರೀ ಐದು ವರ್ಷ. ತನಗೆ ತಿಳಿಯದ್ದೇನಿದೆ ಎಂದುಕೊಂಡ ಕ್ಯಾಪ್ಟನ್, ದಾರಿ ತೋರಿಸುವ ಸ್ಥಳೀಯನಿಗಾಗಿ ಕಾಯದೆ, ವೆಸ್ಟ್ ಇಂಡೀಸಿನ ದ್ವೀಪವೊಂದರ ಮುಂದೆ ಅದನ್ನು ನೇರವಾಗಿ ಬಂಡೆಗೆ ಹತ್ತಿಸಿದ. ಜನರೆಲ್ಲ ಉಳಿದರು, ಹಡಗು ಉಳಿಯಲಿಲ್ಲ. ಮದುವೆಯಾದ ಹೊಸತರಲ್ಲಿ ಪಿಂಟೊ ಒಂದು ಟೋಸ್ಟಿನಲ್ಲಿ ಬಂಡೆಯ ಸಮೀಪ ಹೋಗುತ್ತಿರುವುದು ಕಂಡು ಹೆಲನ್ ಅವರ ಕೋಟು ಹಿಡಿದು ಎಳೆದು ಕೂರಿಸಿದ್ದಳು. 'ಮದ್ವೆ ಮನೇಲಿ ಮುಳುಗೋ ಮಾತಾಡ್ತಾರೇನ್ರಿ? ಅಪಶಕುನ!' ಎಂದಿದ್ದಳು. ಅವತ್ತಿನಿಂದ ಸೆರಾಫಿನಾ ಮುಳುಗಲಿಲ್ಲ. ನೈರೋಬಿಯ ಸಮಸ್ತ ಮಂಗಳೂರಿಗರಿಗೂ, ಅವರ ಮದುವೆಗೆ ಬಂದು ಹೋಗುವ ಕನ್ನಡ ಸಂಘದವರಿಗೂ ಸೆರಾಫಿನಾ ನೀರಿಗಿಳಿದದ್ದು ಗೊತ್ತು. ಮುಳುಗಿದ್ದು ಒಬ್ಬರಿಗೂ ಗೊತ್ತಿಲ್ಲ.

ಇದರ ಫಲ ಉಣ್ಣುವ ದಿನ ಸಿಲ್ವಿಯಾಳ ಮದುವೆ ಗೊತ್ತಾದಾಗ ಬಂತು.

ಹುಡುಗ ವಿನ್ಸೆಂಟ್, ಇಂಜಿನಿಯರು. ಅವನೂ ಸಿಲ್ವಿಯಾಳೂ ಕಾಲೇಜಿನ ದಿನಗಳಿಂದ ಪರಿಚಿತರು. ಅದು ತಮಗೆ ಗೊತ್ತೇ ಇಲ್ಲವೆಂಬಂತೆ ಎರಡೂ ಮನೆಯ ಹಿರಿಯರು ಹೆಣ್ಣು ನೋಡುವ ಶಾಸ್ತ್ರವನ್ನು ಸಾಂಗವಾಗಿ ನಡೆಸಿದರು. ವಿನ್ಸೆಂಟನ ತಂದೆ ಕಾಜಿಟನ್ ರೆಬೆಲ್ಲೊ ಮರದ ವ್ಯಾಪಾರಿ, ರಿವರ್‌ಸೈಡಿನಲ್ಲಿ ದೊಡ್ಡ ಕಾಂಪೌಂಡಿನ ಮನೆ. ಹೆಂಡತಿ ಇನೆಜ್ ತೀರಿಕೊಂಡು ಮೂರು ವರ್ಷವಾಗಿತ್ತು. ಸೌತ್ ಸಿ ಬಡಾವಣೆಯ ಪಿಂಟೊ ಅವರ ಪುಟ್ಟ ಹಜಾರದ ಸೋಫಾದಲ್ಲಿ ಅವರು ಕೂತಾಗ ಬೇರೆ ಯಾರಿಗೂ ಜಾಗ ಉಳಿಯಲಿಲ್ಲ. ಹೆಲನ್ ಮೈಸೂರಿನಲ್ಲಿ ಬೆಳೆದವಳು, ಅವಳ ಕೊಂಕಣಿ ಕೇಳಿ ಜನ ನಗುತ್ತಿದ್ದರು. ಆದ್ದರಿಂದ ಅವಳಿದ್ದಲ್ಲಿ ಮಾತೆಲ್ಲ ಕನ್ನಡದಲ್ಲೇ.

"ನಮಗೆ ಏನೂ ಬೇಡ ಆಯ್ತಾ," ಎಂದರು ಕಾಜಿಟನ್, ಮೂರನೆಯ ಕಟ್ಲೆಟ್ ತೆಗೆದುಕೊಳ್ಳುತ್ತ. "ಫ್ರಿಜ್ಜು ಬೇಡ, ಬಂಗಾರ ಬೇಡ. ದೇವರು ಬೇಕಾದಷ್ಟು ಕೊಟ್ಟಿದ್ದಾನೆ. ಒಂದೇ ಒಂದು ಆಸೆ ಉಂಟು."

ಏನೂ ಬೇಡ ಎನ್ನುವವರ ಒಂದೇ ಒಂದು ಆಸೆ ಎಷ್ಟು ದೊಡ್ಡದಿರುತ್ತದೆಂದು ಹೆಣ್ಣು ಹೆತ್ತವರಿಗೆ ಗೊತ್ತು.

"ಮದುವೆ ಆದ ಮೇಲೆ ಮಕ್ಕಳನ್ನು ಒಂದು ವಾರ ನಿಮ್ಮ ಸೆರಾಫಿನಾದಲ್ಲಿ ಕಳಿಸಿ. ನಿಮ್ಮ ಅಜ್ಜನ ಹೆಸರು ಹೇಳಿದರೆ ಒಳ್ಳೆ ರೂಮು ಕೊಡದೆ ಇರ್ತಾರಾ?"

ಹೆಲನ್ ಗಂಡನ ಮುಖ ನೋಡಿದಳು. ಇದು ನಿಜ ಹೇಳಲು ಹೇಳಿ ಮಾಡಿಸಿದ ಹೊತ್ತು. ಅಯ್ಯೋ, ಅದು ಎಂದೋ ಹೋಯಿತು ಎಂದು ನಕ್ಕುಬಿಟ್ಟರೆ ಮುಗಿಯಿತು. ಪಿಂಟೊ ಗಂಟಲು ಸರಿಪಡಿಸಿಕೊಂಡರು.

"ಅದಕ್ಕೇನಂತೆ," ಎಂದರು. "ವಿಚಾರಿಸ್ತೀನಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಿಲ್ವಿಯಾ "ಓ ಮೈ ಗಾಡ್" ಎಂದು ಒಳಗೆ ಹೋದಳು.

ಬಂದವರ ಕಾರು ಗೇಟು ದಾಟುವುದನ್ನೇ ಕಾದಿದ್ದು ಹೆಲನ್ ಗಂಡನ ಮೇಲೆ ಬಿದ್ದಳು. "ಏನ್ ವಿಚಾರಿಸ್ತೀರಿ? ಯಾರನ್ನ? ಮೀನುಗಳನ್ನಾ?"

"ಮೆಲ್ಲಗೆ, ಮೆಲ್ಲಗೆ."

"ಈಗ್ಲೇ ಫೋನ್ ಮಾಡಿ. ಹಡಗು ಮುಳುಗಿ ಎಂಬತ್ತು ವರ್ಷ ಆಯ್ತು ಅಂತ ಹೇಳಿ."

"ನೀನೇ ಅಲ್ವಾ ಮದ್ವೆ ಮನೇಲಿ ಮುಳುಗೋ ಮಾತು ಬೇಡ ಅಂದಿದ್ದು? ಮಗಳ ಮದ್ವೆ ಗೊತ್ತಾದ ದಿನವೇ ಹಡಗು ಮುಳುಗಿಸ್ಲಾ?"

ಮಾತಿನಲ್ಲಿ ಪಿಂಟೊ ಅವರನ್ನು ಸೋಲಿಸುವುದು ಕಷ್ಟ, ಹೇಳಿ ಕೇಳಿ ಟೋಸ್ಟಿನ ಬಾಯಿ. ಕಾಜಿಟನ್ ಸಿಡುಕಿನ ಮನುಷ್ಯ, ಬೀಗರು ತನ್ನನ್ನು ಮಂಗ ಮಾಡಿದರೆಂದು ಅವರಿಗೆ ಬೇರೆಯವರಿಂದ ತಿಳಿದರೆ ಸಂಬಂಧ ಹೋಯಿತೆಂದೇ ಲೆಕ್ಕ. ಮುಂದಿನ ವಾರಗಳಲ್ಲಿ ಹೆಲನ್‌ಗೆ ನಿದ್ದೆಯೂ ಬರಲಿಲ್ಲ, ಹಸಿವೂ ಆಗಲಿಲ್ಲ. ಮಗಳು ವಿನ್ಸೆಂಟನ ಹೆಸರು ಹೇಳುವಾಗ ಮುಖ ಹೇಗಾಗುತ್ತದೆಂದು ಅವಳು ಕಂಡಿದ್ದಳು. ಆ ಮುಖಕ್ಕಾಗಿ ಅವಳು ಏನು ಬೇಕಾದರೂ ಮಾಡಲು ಸಿದ್ಧಳಿದ್ದಳು, ಗಂಡನ ಕತ್ತು ಹಿಸುಕುವುದನ್ನೂ ಸೇರಿಸಿ.

ಪಿಂಟೊ ಮಾತ್ರ ಉತ್ಸಾಹದಿಂದ ಸುಳ್ಳಿಗೆ ಸುಳ್ಳು ಪೋಣಿಸುತ್ತಿದ್ದರು. ಕಾಜಿಟನ್ ಮೊದಲ ಸಲ ಫೋನು ಮಾಡಿದಾಗ ಸೆರಾಫಿನಾದ ಎಂಜಿನ್ ರಿಪೇರಿಗೆ ಹೋಗಿತ್ತು. ಎರಡನೆಯ ಸಲ ಅದಕ್ಕೆ ಬಣ್ಣ ಬಳಿಯುತ್ತಿದ್ದರು. ಮೂರನೆಯ ಸಲ ಫೋನಿಟ್ಟ ಮೇಲೆ ಅವರು ಹೆಲನ್‌ಗೆ ತೃಪ್ತಿಯಿಂದ ಹೇಳಿದರು: "ಈ ವರ್ಷ ನಾರ್ವೆ ಕಡೆ ಹೋಗಿದೆ ಅಂದೆ. ಅಲ್ಲಿ ಬೇಸಿಗೆ ಅಲ್ವಾ, ನಂಬೋ ಹಾಗಿರ್ಬೇಕು." ಅವರ ಕಣ್ಣಲ್ಲಿ ಹೊಳಪಿತ್ತು. ಹಡಗಿನ ಕಥೆ ಎಷ್ಟೋ ವರ್ಷಗಳ ನಂತರ ಮುಂದುವರಿಯುತ್ತಿತ್ತಲ್ಲ, ಅದರ ಸಂತೋಷ.

ಸುದ್ದಿ ಊರೆಲ್ಲ ಹಬ್ಬಿತು. ಚರ್ಚಿನ ಮೆಟ್ಟಿಲ ಮೇಲೆ ವಲೇರಿಯನ್ ಎಂಬ ದೂರದ ಸಂಬಂಧಿಕರು, ಮದುಮಕ್ಕಳ ಜೊತೆ ಹಡಗಿನಲ್ಲಿ ತಾವು ಗಂಡಹೆಂಡಿರೂ ಬರಬಹುದೇ ಎಂದು ಕೇಳಿದರು. ಕನ್ನಡ ಸಂಘದ ಸೂರ್ಯನಾರಾಯಣ, ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುವವರು, ಒಂದು ಭಾನುವಾರ ಕಸರಾನಿಯಿಂದ ಅಷ್ಟು ದೂರ ಹೆಂಡತಿ ಕಮಲಾಕ್ಷಿಯೊಂದಿಗೆ ಬಂದು ಅಭಿನಂದನೆ ಹೇಳಿದರು. ಕಾಫಿ ಕುಡಿದು, ಸ್ವಲ್ಪ ಹಿಂಜರಿದು ವಿಷಯಕ್ಕೆ ಬಂದರು.

"ಸಾರ್, ನಮ್ಮ ಮದ್ವೆಗೂ ಈ ವರ್ಷ ಸಿಲ್ವರ್ ಜುಬಿಲಿ. ಹಡಗಲ್ಲಿ ವೆಜಿಟೇರಿಯನ್ ಊಟ ಸಿಗುತ್ತಾ?"

"ಕೇಳ್ಕೊಂಡ್ರೆ ಮಾಡ್ಕೊಡ್ತಾರೆ," ಎಂದರು ಪಿಂಟೊ.

"ಈರುಳ್ಳಿ ಬೆಳ್ಳುಳ್ಳಿ ಇಲ್ದೆ?" ಎಂದರು ಕಮಲಾಕ್ಷಿ.

ಪಿಂಟೊ ಯೋಚಿಸಿದರು. "ಅದು ಸ್ವಲ್ಪ ಕಷ್ಟ," ಎಂದರು. ಸಮುದ್ರದ ತಳದಲ್ಲಿರುವ ಹಡಗಿನ ಬಗ್ಗೆ ಅವರು ಹೇಳಿದ ಒಂದೇ ಪ್ರಾಮಾಣಿಕ ಮಾತು ಅದು.

ಅವತ್ತು ಹೆಲನ್ ನಿರ್ಧಾರ ಮಾಡಿದಳು. ಮರುದಿನ ತಾನು ಕಲಿಸುವ ಶಾಲೆ ಮುಗಿಸಿ, ಮನೆಗೆ ಹೋಗದೆ, ಎರಡು ಮಟಾಟು ಬದಲಾಯಿಸಿ ರಿವರ್‌ಸೈಡಿಗೆ ಹೋದಳು. ಇವರ ಬಾಯಿಂದ ನಿಜ ಬರುವ ಹಾಗಿಲ್ಲ, ತಾನೇ ಹೇಳಿ ಕಾಲು ಹಿಡಿಯುವುದು. ಬೈದರೆ ಬೈಸಿಕೊಳ್ಳುವುದು. ಗೇಟಿನ ಕಾವಲುಗಾರ ಒಳಗೆ ಬಿಟ್ಟಾಗ ಅವನ ಭಾಷೆಯಲ್ಲಿ ಥ್ಯಾಂಕ್ಸ್ ಹೇಳುವ 'ಅಸಾಂಟೆ'ಯನ್ನೂ ಮರೆತು ನೇರ ನಡೆದಳು.

ಕಾಜಿಟನ್ ವರಾಂಡಾದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಹೆಲನ್ ಕುರ್ಚಿಯ ಅಂಚಿನಲ್ಲಿ ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಪೀಠಿಕೆಯನ್ನೆಲ್ಲ ಮರೆತು, ಒಂದೇ ಉಸಿರಿಗೆ ಹೇಳಿದಳು: "ಆ ಹಡಗು ಇಲ್ಲ. ಮುಳುಗಿ ಎಂಬತ್ತು ವರ್ಷ ಆಯ್ತು. ತಪ್ಪಾಯ್ತು, ಕ್ಷಮಿಸ್ಬೇಕು."

"ಗೊತ್ತುಂಟು ಮಾರಾಯ್ತಿ," ಎಂದರು ಕಾಜಿಟನ್.

ಅವರು ಇನ್ನೊಂದು ಕಡಲೆಕಾಯಿ ಸುಲಿದರು.

"ಮರದ ಲೋಡು ಬಿಡಿಸಲಿಕ್ಕೆ ತಿಂಗಳು ತಿಂಗಳು ಮೊಂಬಾಸಾಕ್ಕೆ ಹೋಗುವವ ನಾನು. ಒಂದು ಸಲ ಬಂದರಿನ ಆಫೀಸಿನಲ್ಲಿ ಸೆರಾಫಿನಾ ಯಾವಾಗ ಬರ್ತದೆ ಅಂತ ಕೇಳಿದೆ. ಅಲ್ಲಿದ್ದ ಮುದುಕನೊಬ್ಬ ನಗಾಡಿ ನಗಾಡಿ ಕುರ್ಚಿಯಿಂದ ಬೀಳಲಿಕ್ಕೆ ಹೋದ."

"ಮತ್ತೆ ಯಾಕೆ..." ಹೆಲನ್‌ಗೆ ಈಗ ಸಿಟ್ಟು ಬಂತು. "ಗೊತ್ತಿದ್ದೂ ಯಾಕೆ ಕೇಳಿದ್ರಿ? ನನ್ನ ಹೊಟ್ಟೆ ಉರೀತಾ ಇದೆ ಇಲ್ಲಿ!"

ಕಾಜಿಟನ್ ಕಡಲೆಕಾಯಿಯ ತಟ್ಟೆ ಪಕ್ಕಕ್ಕಿಟ್ಟರು. "ನಮ್ಮ ಸಿಲ್ವರ್ ಜುಬಿಲಿಗೆ ಟೋಸ್ಟ್ ಹೇಳಿದ್ದು ಯಾರು, ಹೆಲನ್ ಬಾಯಿ?"

ಹೆಲನ್‌ಗೆ ನೆನಪಾಯಿತು. ಅವಳು ಇನೆಜ್ ಪಕ್ಕದಲ್ಲೇ ಕೂತಿದ್ದಳು. ಕಾಯಿಲೆಯಿಂದ ಬಡಕಲಾಗಿದ್ದರೂ ಇನೆಜ್ ಅವತ್ತು ನೀಲಿ ರೇಷ್ಮೆಸೀರೆ ಉಟ್ಟು ಬಂದಿದ್ದರು.

"ಇದು ಕೊನೆಯ ಪಾರ್ಟಿ ಅಂತ ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು," ಎಂದರು ಕಾಜಿಟನ್. "ನಿಮ್ಮ ಯಜಮಾನ್ರು ಎದ್ದು ನಿಂತು ಹಡಗಿನ ದೀಪ ಹೇಳಿದ್ರು, ಮೆಟ್ಟಿಲು ಹೇಳಿದ್ರು, ಅಜ್ಜನ ಕೈಗವಸು ಹೇಳಿದ್ರು. ಇವಳು ಈಗ ನನ್ನ ಹೆಸರು ಬರ್ತದೆ, ಈಗ ಬರ್ತದೆ ಅಂತ ನಗಾಡಿಕೊಂಡು ಕೂತಿದ್ಳು. ಬರ್ಲೇ ಇಲ್ಲ. ಕಾರಿನಲ್ಲಿ ಬರುವಾಗ ನನ್ನನ್ನು ಕೇಳಿದ್ಳು: 'ಇಪ್ಪತ್ತೈದು ವರ್ಷ ನಾನು ನಿಮ್ಮ ಮನೆಯಲ್ಲಿ ಇದ್ದೆನಾ, ಆ ಹಡಗಿನಲ್ಲಿ ಇದ್ದೆನಾ?' ತಮಾಷೆಗೆ ಕೇಳಿದ್ದು. ಆ ವರ್ಷ ದಾಟಲಿಲ್ಲ ಅವಳು."

ಆ ಟೋಸ್ಟ್ ಮುಗಿದಾಗ ಎಲ್ಲರೊಂದಿಗೆ ತಾನೂ ಚಪ್ಪಾಳೆ ತಟ್ಟಿದ್ದು ನೆನಪಾಗಿ ಹೆಲನ್‌ಗೆ ನಾಚಿಕೆಯಾಯಿತು.

"ಮದುವೆ ನಿಲ್ಲಿಸ್ಲಿಕ್ಕೆ ನನಗೆ ಹುಚ್ಚಾ? ನಿಮ್ಮ ಸಿಲ್ವಿಯಾ ಬಂಗಾರದಂಥ ಹುಡುಗಿ. ಆದ್ರೆ ಒಂದು ಉಂಟು. ಮದುವೆಯ ದಿನ ಟೋಸ್ಟ್ ನಿಮ್ಮ ಯಜಮಾನ್ರೇ ಹೇಳಲಿ."

"ಹೆಣ್ಣಿನ ಅಪ್ಪ ಟೋಸ್ಟ್ ಹೇಳೋ ಕ್ರಮ ಇಲ್ವಲ್ಲ!"

"ಇಲ್ಲ. ಈ ಸಲ ಇರ್ಲಿ. ಮಗಳ ಬಗ್ಗೆ ಮಾತಾಡ್ಲಿ. ಹಡಗು ತೇಲಲಿಕ್ಕೆ ಶುರು ಆಯ್ತಾ, ನಾನು ಎದ್ದು ಹೋಗ್ತೇನೆ. ನಾನು ಎದ್ರೆ ನನ್ನ ಕಡೆಯ ಇನ್ನೂರು ಜನ ಏಳ್ತಾರೆ. ಊಟ ನೀವೇ ಮಾಡಿ."

ಮದುವೆಯೂಟ ಬಿಟ್ಟು ಗಂಡಿನ ಕಡೆಯವರು ಎದ್ದು ಹೋಗುವುದೆಂದರೆ ಹುಡುಗಿ ಆ ಮನೆಯಲ್ಲಿ ಬಾಳುವಷ್ಟು ದಿನವೂ ಕೇಳಬೇಕಾದ ಮಾತು. ಆದರೂ ಹೆಲನ್‌ಗೆ ಒಳಗೊಳಗೇ ಹಗುರವಾಯಿತು. ಮಗಳ ಬಗ್ಗೆ ಐದು ನಿಮಿಷ ಮಾತಾಡುವುದು. ಯಾವ ಅಪ್ಪನಿಗೆ ಅದು ಕಷ್ಟ?

ಯಾವ ಅಪ್ಪನಿಗೆಂಬುದು ಅದೇ ಸಂಜೆ ಗೊತ್ತಾಯಿತು.

ಹೆಲನ್ ಎಲ್ಲವನ್ನೂ ಹೇಳಿದಳು, ಇನೆಜ್ ಮಾತನ್ನೂ ಬಿಡದೆ. "ನಾನು ಅವರ ಹೆಸ್ರೇ ಹೇಳ್ಲಿಲ್ವಾ?" ಎಂದರು ಪಿಂಟೊ. ಆಮೇಲೆ ಸೂಟು ಹಾಕಿಕೊಂಡವರ ಗತ್ತಿನಲ್ಲಿ ಊಟದ ಮೇಜಿನ ಮುಂದೆ ಕೂತು, ಹೊಸ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದರು. 'ನನ್ನ ಪ್ರೀತಿಯ ಮಗಳು ಸಿಲ್ವಿಯಾ' ಎಂದು ಬರೆದರು. ಪೂರ್ಣವಿರಾಮ ಹಾಕಿದರು. ಪೆನ್ನು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

"ಹೆಲನ್," ಎಂದು ಸ್ವಲ್ಪ ಹೊತ್ತಿನ ಮೇಲೆ ಕೂಗಿದರು. "ಇವ್ಳು ಮಾತಾಡೋಕೆ ಬೇಗ ಶುರುಮಾಡಿದ್ಲಾ, ತಡವಾಗಿನಾ?"

"ತಡವಾಗಿ. ಡಾಕ್ಟರ ಹತ್ರ ಕರ್ಕೊಂಡ್ ಹೋಗಿದ್ನಲ್ಲ, ಮರ್ತುಹೋಯ್ತಾ?"

ಅವರಿಗೆ ಮರೆತಿರಲಿಲ್ಲ, ಗೊತ್ತೇ ಇರಲಿಲ್ಲ. ಹೆಲನ್ ಡಾಕ್ಟರ ಬಳಿ ಹೋದ ದಿನ ಯಾರದೋ ಮದುವೆಗೆ ಟೋಸ್ಟ್ ತಯಾರಿ ಇದ್ದಿರಬೇಕು.

"ಇಷ್ಟದ ಪಾಠ? ಈ ನರ್ಸಿಂಗ್ ಆಸಕ್ತಿ ಎಲ್ಲಿಂದ ಬಂತು?"

ಹೆಲನ್ ಕೈಯಲ್ಲಿದ್ದ ಸೌಟನ್ನು ನಿಧಾನವಾಗಿ ಕೆಳಗಿಟ್ಟಳು. "ನರ್ಸ್ ಅಲ್ಲ ರೀ. ಫಿಸಿಯೋಥೆರಪಿಸ್ಟ್. ಕಾಲು ಮುರಿದವ್ರನ್ನ ಮತ್ತೆ ನಡೆಸ್ತಾಳೆ. ನಾಲ್ಕು ವರ್ಷ ಓದಿದ್ದಾಳೆ. ಫೀಸು ಕಟ್ಟಿದ್ದು ನೀವೇ."

ಸೆರಾಫಿನಾದ ಪುಸ್ತಕದ ಕೋಣೆಯ ಪರದೆ ಯಾವ ಬಣ್ಣದ್ದೆಂದು ಕೇಳಿದ್ದರೆ ಪಿಂಟೊ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದರು. ಮಗಳ ಮೊಣಕಾಲಿನ ಮೇಲೆ ಸೈಕಲ್ಲಿನಿಂದ ಬಿದ್ದ ಕಲೆಯಿದೆ, ಅವಳಿಗೆ ಪಪ್ಪಾಯಿಯ ವಾಸನೆ ಆಗುವುದಿಲ್ಲ, ಸಿಟ್ಟು ಬಂದರೆ ಮಾತು ಬಿಟ್ಟು ಬಟ್ಟೆ ಇಸ್ತ್ರಿ ಮಾಡುತ್ತಾಳೆ ಎಂಬುದೆಲ್ಲ ಅವರಿಗೆ ಈಗ ಒಂದೊಂದಾಗಿ ತಿಳಿಯುತ್ತಿತ್ತು. ಹೆಲನ್ ಹೇಳಿದ್ದನ್ನೆಲ್ಲ ಬರೆದುಕೊಂಡರು. ಓದಿದಾಗ ಅದು ಅಪಘಾತವಾದ ಗಾಡಿಯ ಸಮೀಕ್ಷೆಯ ವರದಿಯ ಹಾಗಿತ್ತು: ಗಾಡಿಯ ಬಣ್ಣ, ತಯಾರಾದ ವರ್ಷ, ಹಳೆಯ ಗೀರುಗಳು.

"ಹೋಗಿ ಅವಳನ್ನೇ ಕೇಳಿ," ಎಂದಳು ಹೆಲನ್ ಕೊನೆಗೆ. "ಪಕ್ಕದ ರೂಮಲ್ಲೇ ಇದ್ದಾಳೆ. ನಾರ್ವೆಗೆ ಹೋಗಿಲ್ಲ."

ಪಿಂಟೊ ಹೋಗಿ ಬಾಗಿಲು ತಟ್ಟಿದರು. "ಯೆಸ್ ಡ್ಯಾಡಿ?" ಎಂಬ ದನಿ ಹೆಲನ್‌ಗೆ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಆಮೇಲೆ, "ಡ್ಯಾಡಿ, ವಾಟ್ ಡು ಯು ವಾಂಟ್ ಟು ನೋ?" ಮತ್ತೆ ಮೌನ. ಪಿಂಟೊ ವಾಪಸು ಬಂದು ಕುರ್ಚಿಯಲ್ಲಿ ಕೂತರು. "ಪಾಪ, ಬ್ಯುಸಿ ಇದ್ದಾಳೆ," ಎಂದರು. ಹೆಲನ್‌ಗೆ ಬಯ್ಯಲು ಬಾಯಿ ಬರಲಿಲ್ಲ. ಏನು ಕೇಳಬೇಕೆಂದು ಅವರಿಗೆ ಹೊಳೆದಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

ಆಗಸ್ಟಿನ ರಜೆಯಲ್ಲಿ ಮದುವೆ. ಚರ್ಚಿನಲ್ಲಿ ಎಲ್ಲ ಸುಸೂತ್ರವಾಗಿ ನಡೆದು, ಊಟದ ಹಾಲ್‌ನಲ್ಲಿ ಕೇಕು ಕತ್ತರಿಸಿ ಆಯಿತು. ವೇದಿಕೆಯ ಮೇಲೆ ಬಿಳಿ ಗೌನಿನ ಸಿಲ್ವಿಯಾ, ಪಕ್ಕದಲ್ಲಿ ಟೈ ಬಿಗಿಯಾಗಿ ಕೆಂಪಾದ ವಿನ್ಸೆಂಟ್, ಅವನಾಚೆ ಎರಡು ಕೈಗಳನ್ನೂ ಕುರ್ಚಿಯ ತೋಳಿನ ಮೇಲಿಟ್ಟು ಏಳಲು ತಯಾರಾಗಿ ಕೂತ ಕಾಜಿಟನ್. ಕೆಳಗಿನ ಮೊದಲ ಸಾಲಿನಲ್ಲಿ ಹೆಲನ್. ಅವಳ ಕೈಯಲ್ಲಿ ಜಪಸರ ಇತ್ತು; ಅವಳ ಬೆರಳುಗಳು ಮಾತ್ರ ಒಂದೇ ಮಣಿಯನ್ನು ಹಿಡಿದು ಕೂತಿದ್ದವು. ಟೋಸ್ಟಿಗೆ ಪಿಂಟೊ ಅವರ ಹೆಸರು ಕರೆದಾಗ ಜನ ಗುಜುಗುಜು ಮಾಡಿದರು. ಹೆಣ್ಣಿನ ಅಪ್ಪನೇ ಟೋಸ್ಟ್ ಹೇಳುವುದುಂಟೇ? ಅಂತೂ ಸ್ವಂತ ಮಗಳ ಮದುವೆಯಲ್ಲೂ ಈ ಮನುಷ್ಯ ಮೈಕು ಬಿಡಲಿಲ್ಲ ನೋಡಿ ಎಂದರು ಯಾರೋ.

ಪಿಂಟೊ ಎದ್ದರು. ಎಡಗೈಯಲ್ಲಿ ಗ್ಲಾಸು, ಬಲಗೈ ಹಡಗಿನ ಚಿಮಣಿಯ ಎತ್ತರ ತೋರಿಸುವಾಗ ಏಳುವಂತೆ ತಾನಾಗಿ ಮೇಲೆದ್ದಿತು. ಅದನ್ನು ಅವರೇ ಕೆಳಗಿಳಿಸಿಕೊಂಡರು. ಗ್ಲಾಸನ್ನು ಈ ಕೈಯಿಂದ ಆ ಕೈಗೆ ದಾಟಿಸಿದರು.

ಹಿಂದಿನ ಸಾಲಿನ ಪಡ್ಡೆಗಳು ತಡೆಯಲಾರದೆ ಕೂಗಿದವು: "ಸೆರಾಫಿನಾ! ಸೆರಾಫಿನಾ!" ಹಾಲೆಲ್ಲ ನಗೆ. ಇಂಥ ಪ್ರೀತಿಯ ಕರೆ ಬಂದಾಗ ಪಿಂಟೊ ಒಂದು ದಿನವಾದರೂ ಒಲ್ಲೆ ಎಂದವರಲ್ಲ. ಹೆಲನ್ ಕಣ್ಣು ಮುಚ್ಚಿಕೊಂಡಳು.

"ಸೆರಾಫಿನಾ..." ಎಂದರು ಪಿಂಟೊ.

ಕಾಜಿಟನ್ ಕುರ್ಚಿಯಿಂದ ಅರ್ಧ ಎದ್ದರು.

"ಸೆರಾಫಿನಾ ಈಗ ಇಲ್ಲ. ಬಂಡೆಗೆ ಬಡಿದು ಮುಳುಗಿ ಎಂಬತ್ತು ವರ್ಷ ಆಯ್ತು. ನಾನು ನಿಮ್ಗೆ ಯಾರ್ಗೂ ಹೇಳಿರ್ಲಿಲ್ಲ."

ಮುದುಕಿಯರು ಶಿಲುಬೆಯ ಗುರುತು ಹಾಕಿಕೊಂಡರು. "ಮುಳುಗೇ ಹೋಗಿದ್ಯಂತೆ ಕಣೇ!" ಎಂದು ಸೂರ್ಯನಾರಾಯಣ ಕಮಲಾಕ್ಷಿಗೆ ಹೇಳಿದ್ದು ಇಡೀ ಹಾಲಿಗೆ ಕೇಳಿಸಿತು. ಕಾಜಿಟನ್ ಎದ್ದಷ್ಟೇ ಎದ್ದು, ಕೂರುವುದೋ ಹೋಗುವುದೋ ತಿಳಿಯದೆ ಹಾಗೇ ನಿಂತರು.

"ಇನೆಜ್ ಬಾಯಿ ಇವತ್ತು ಇಲ್ಲಿ ಕೂತಿರ್ಬೇಕಿತ್ತು," ಎಂದರು ಪಿಂಟೊ ಅವರತ್ತ ತಿರುಗಿ. "ಅವ್ರ ಹೆಸ್ರನ್ನ ನಾನು ಒಂದ್ಸಲ ಹೇಳ್ಬೇಕಿತ್ತು, ಹೇಳ್ಲಿಲ್ಲ. ಇವತ್ತು ಹೇಳ್ತಾ ಇದೀನಿ. ಇನೆಜ್."

ಕಾಜಿಟನ್ ಕೂತರು. ಕರವಸ್ತ್ರಕ್ಕಾಗಿ ಜೇಬು ತಡಕಿದರು. ಸಿಗಲಿಲ್ಲ, ವಿನ್ಸೆಂಟ್ ತನ್ನದನ್ನು ಕೊಟ್ಟ.

"ಈಗ ಮದುಮಗಳು. ಸಿಲ್ವಿಯಾ. ನನ್ನ ಮಗಳು." ಪಿಂಟೊ ಒಳಜೇಬಿನಿಂದ ಹಾಳೆ ತೆಗೆದರು, ನೋಡಿದರು, ಮತ್ತೆ ಮಡಚಿದರು. "ಮೂರು ವಾರದಿಂದ ಇವಳ ಬಗ್ಗೆ ಓದ್ಕೊಳ್ತಾ ಇದೀನಿ. ಎಲ್ಲ ಬಾಯಿಪಾಠ ಆಗಿದೆ. ಆದ್ರೆ ಇದೆಲ್ಲ ಇವಳ ಅಮ್ಮನಿಗೆ ಗೊತ್ತಿರೋದು. ನಾನು ನೋಡಿದ್ದು ಒಂದೂ ಇಲ್ಲ. ಇವಳು ಬೆಳೀತಾ ಇದ್ದಾಗ ನಾನು ಹಡಗಲ್ಲಿದ್ದೆ."

ಹಾಲೆಲ್ಲ ಬಿದ್ದು ಬಿದ್ದು ನಕ್ಕಿತು. ವಲೇರಿಯನ್ ಮೇಜು ಕುಟ್ಟಿದರು. ಪಡ್ಡೆಗಳು ಶಿಳ್ಳೆ ಹೊಡೆದವು. ಪಿಂಟೊ ಅವರ ಜೀವಮಾನದ ಅತ್ಯುತ್ತಮ ಟೋಸ್ಟ್ ಇದೇ ಎಂದು ಜನ ಆಮೇಲೂ ಹೇಳಿದರು, ಎಷ್ಟು ಚುಟುಕು, ಎಂಥ ತಮಾಷೆ. ಆ ನಗುವಿನ ನಡುವೆ ಪಿಂಟೊ ಗ್ಲಾಸು ಎತ್ತಿ ಮದುಮಕ್ಕಳ ಹೆಸರು ಹೇಳಿದ್ದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಎಲ್ಲರೂ ಗ್ಲಾಸು ಎತ್ತಿದರು.

ಸಿಲ್ವಿಯಾ ನಗಲಿಲ್ಲ. ಹೆಲನ್ ಕೂಡ. ಗಂಡನ ಮೇಲಿನ ಸಿಟ್ಟು ಅವಳಿಗೆ ಒಂದಿಷ್ಟೂ ಇಳಿದಿರಲಿಲ್ಲ. ಇಷ್ಟು ವರ್ಷದ ಸಿಟ್ಟು ಒಂದು ಒಳ್ಳೆಯ ಮಾತಿಗೆ ಇಳಿಯುವಂಥದ್ದೂ ಅಲ್ಲ. ಆದರೂ ಅಳು ಬಂತು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಪಕ್ಕದವರು ಮಗಳನ್ನು ಕಳಿಸಿಕೊಡುವ ಅಳು ಎಂದುಕೊಂಡು ಬೆನ್ನು ಸವರಿದರು.

ವೇದಿಕೆಯ ಮೇಲೆ ಸಿಲ್ವಿಯಾ ತನ್ನ ಪಕ್ಕದ ಖಾಲಿ ಕುರ್ಚಿಯ ಮೇಲೆ ಹರಡಿದ್ದ ಗೌನಿನ ನೆರಿಗೆಗಳನ್ನು ಎಳೆದು ಜಾಗ ಮಾಡಿದಳು. "ಕಮ್, ಸಿಟ್," ಎಂದಳು ಅಪ್ಪನಿಗೆ. ಕೈ ಕುಲುಕಲು ಬಂದವರನ್ನೆಲ್ಲ ದಾಟಿ ಪಿಂಟೊ ಬಂದು ಕೂತರು. ಗ್ಲಾಸನ್ನು ಮಂಡಿಯ ಮೇಲಿಟ್ಟುಕೊಂಡು, ಮಗಳ ಮುಖ ನೋಡಿ, ನೆಲ ನೋಡಿ, ಮತ್ತೆ ಮುಖ ನೋಡಿದರು. ಏನು ಕೇಳಬೇಕೆಂದು ಅವರು ಹುಡುಕುತ್ತಿರುವುದು ಹೆಲನ್‌ಗೆ ಕೆಳಗಿನಿಂದಲೇ ಕಂಡಿತು.

"ಊಟ ಆಯ್ತಾ?" ಎಂದರು ಕೊನೆಗೆ.

ಹಾಲ್‌ನಲ್ಲಿ ಒಬ್ಬರ ಕೈಗೂ ಇನ್ನೂ ತಟ್ಟೆ ಬಂದಿರಲಿಲ್ಲ.

"ನಾಟ್ ಯೆಟ್, ಡ್ಯಾಡಿ," ಎಂದಳು ಸಿಲ್ವಿಯಾ, ಅವರ ಕೈಯಿಂದ ಗ್ಲಾಸನ್ನು ತೆಗೆದು ಕೆಳಗಿಡುತ್ತ.